ಆನ್‌ಲೈನ್ ಸ್ನೇಹಿತರನ್ನು ಮುಂಬಯಿಯಲ್ಲಿ ಮೊದಲ ಸಲ ಭೇಟಿಯಾಗುವುದು ಹೇಗೆ

ಆನ್‌ಲೈನ್‌ನಲ್ಲಿ ಪರಿಚಯವಾದ ಸ್ನೇಹಿತರನ್ನು ಮೊದಲ ಸಲ ಭೇಟಿಯಾಗುವ ದಿನ ಗೊತ್ತುಮಾಡುವಾಗ ಎಲ್ಲಿ ಸೇರುವುದು, ಎಷ್ಟು ಗಂಟೆಗೆ ಸೇರುವುದು ಎಂಬ ಎರಡು ವಿಷಯಗಳನ್ನು ಎಲ್ಲರೂ ಮಾತನಾಡಿಕೊಳ್ಳುತ್ತಾರೆ. ಎಷ್ಟು ಗಂಟೆಗೆ ಹೊರಡುವುದು ಎಂಬ ಮೂರನೆಯದನ್ನು ಮಾತನಾಡುವವರು ಕಡಿಮೆ. ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮೊದಲು ನಿಶ್ಚಯವಾಗಬೇಕಾದದ್ದು ಅದೇ. ಯಕ್ಷಗಾನದ ವಾಟ್ಸ್ಆ್ಯಪ್ ಗುಂಪಿನಲ್ಲೋ, ಪುಸ್ತಕ ಓದುವವರ ಫೇಸ್‌ಬುಕ್ ಬಳಗದಲ್ಲೋ, ಚದುರಂಗದ ಆ್ಯಪ್‌ನಲ್ಲೋ ವರ್ಷಗಟ್ಟಲೆ ಹರಟೆ ಹೊಡೆದವರಿಗೆ ಎದುರೆದುರು ಕೂತಾಗ ಹೊಂದಾಣಿಕೆಯಾಗುವುದಿಲ್ಲ ಎಂದೇನೂ ಅಲ್ಲ. ನಾನು ಕಂಡ ಮಟ್ಟಿಗೆ ಇಂಥ ಭೇಟಿಗಳು ಹೆಚ್ಚಾಗಿ ಚೆನ್ನಾಗಿಯೇ ನಡೆಯುತ್ತವೆ. ಆದರೆ ಮೊದಲ ಭೇಟಿ ಚಿಕ್ಕದಾಗಿದ್ದಷ್ಟೂ, ಇಬ್ಬರಲ್ಲಿ ಯಾರಿಗೇ ಆಗಲಿ ಎದ್ದು ಹೊರಡುವುದು ಸುಲಭವಾಗಿದ್ದಷ್ಟೂ ಅದು ಸುರಕ್ಷಿತವೂ ಆಗಿರುತ್ತದೆ, ಹಿತವಾಗಿಯೂ ಇರುತ್ತದೆ. ಒಂದೂವರೆ ಗಂಟೆ ಸಾಕು. ಮಾತು ಚೆನ್ನಾಗಿ ಹೊಂದಿಕೊಂಡರೆ ಎರಡನೆಯ ಭೇಟಿಗೆ ಯಾರ ಅಡ್ಡಿಯೂ ಇಲ್ಲ. ಹೊಂದಿಕೊಳ್ಳದಿದ್ದರೆ ಸಂಜೆಯವರೆಗೆ ಮುಖ ಮುಖ ನೋಡಿಕೊಂಡು ಕೂರುವ ಸಂಕಟ ಇಬ್ಬರಿಗೂ ತಪ್ಪುತ್ತದೆ.

ಮುಂಬಯಿಯಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ರೈಲಿನ ಲೆಕ್ಕವೇ. ಡೊಂಬಿವಲಿಯವರು ಬೊರಿವಲಿಯವರನ್ನು ಭೇಟಿಯಾಗುವುದೆಂದರೆ ಬೇರೆ ಊರುಗಳಲ್ಲಿ ಪಕ್ಕದ ಜಿಲ್ಲೆಗೆ ಹೋಗಿ ಬಂದಷ್ಟು ಹೊತ್ತು ಹಿಡಿಯುತ್ತದೆ. ಆದ್ದರಿಂದ ಈ ಬರಹದಲ್ಲಿ ಮನಸ್ಸಿನ ವಿಷಯದಷ್ಟೇ ನಿಲ್ದಾಣಗಳ ವಿಷಯವೂ ಇದೆ.

ಹೊರಡುವ ಮುನ್ನ

ಭೇಟಿಗೆ ಒಪ್ಪುವುದಕ್ಕೆ ಮುಂಚೆ ಒಮ್ಮೆಯಾದರೂ ವಿಡಿಯೊ ಕರೆಯಲ್ಲಿ ಮಾತನಾಡಿರಬೇಕು. ಹತ್ತು ನಿಮಿಷದ ವಿಡಿಯೊ ಕರೆ ಮಾಡುವ ಕೆಲಸವನ್ನು ಹತ್ತು ತಿಂಗಳ ಸಂದೇಶಗಳು ಮಾಡುವುದಿಲ್ಲ. ಮುಖ, ದನಿ, ವಯಸ್ಸು, ಮಾತಿನ ಧಾಟಿ ಎಲ್ಲವೂ ಒಟ್ಟಿಗೆ ತಿಳಿಯುತ್ತವೆ. ಕ್ಯಾಮೆರಾ ಕೆಟ್ಟಿದೆ, ನೆಟ್‌ವರ್ಕ್ ಸರಿಯಿಲ್ಲ, ಮನೆಯಲ್ಲಿ ಜನರಿದ್ದಾರೆ ಎಂಬ ಕಾರಣಗಳು ಒಂದು ಸಲ ನಿಜವಾಗಿರಬಹುದು. ಪ್ರತಿ ಸಲವೂ ಬೇರೆ ಬೇರೆ ಕಾರಣ ಬರುತ್ತಿದ್ದರೆ ಭೇಟಿಯನ್ನು ಮುಂದೂಡುವುದೇ ಸರಿ. ಅವರ ಪ್ರೊಫೈಲ್ ಚಿತ್ರವನ್ನು ಗೂಗಲ್ ಲೆನ್ಸ್‌ನಲ್ಲಿ ಹಾಕಿ ನೋಡಿದರೆ ಅದೇ ಚಿತ್ರ ಇನ್ನೊಬ್ಬರ ಹೆಸರಿನಲ್ಲಿ ಬೇರೆಡೆ ಇದೆಯೇ ಎಂಬುದು ಒಂದಷ್ಟು ಮಟ್ಟಿಗೆ ತಿಳಿಯುತ್ತದೆ. ಇದನ್ನು ಅನುಮಾನವೆಂದು ಎಣಿಸಿ ಸಂಕೋಚಪಡಬೇಕಾದ ಅಗತ್ಯವಿಲ್ಲ. ಅತ್ತ ಕಡೆಯವರೂ ನಿಮ್ಮ ವಿಷಯದಲ್ಲಿ ಅಷ್ಟನ್ನು ಮಾಡಿರುತ್ತಾರೆ, ಮಾಡಿರಬೇಕು ಕೂಡ.

ಮುಂಬಯಿ ಕನ್ನಡಿಗರಿಗೆ ಇನ್ನೊಂದು ಅನುಕೂಲವಿದೆ. ಇಲ್ಲಿನ ಕನ್ನಡ ಸಂಘಗಳು, ನಾಟಕ ತಂಡಗಳು, ಭಜನಾ ಮಂಡಳಿಗಳು, ರಾತ್ರಿ ಶಾಲೆಗಳ ಹಳೆ ವಿದ್ಯಾರ್ಥಿಗಳ ಬಳಗಗಳು ಒಂದಕ್ಕೊಂದು ಎಷ್ಟು ಹೆಣೆದುಕೊಂಡಿವೆಯೆಂದರೆ, ಇಬ್ಬರು ಅಪರಿಚಿತರು ಐದು ನಿಮಿಷ ಮಾತನಾಡಿದರೆ ಇಬ್ಬರಿಗೂ ಗೊತ್ತಿರುವ ಮೂರನೆಯವರೊಬ್ಬರು ಹೇಗೋ ಸಿಕ್ಕಿಬಿಡುತ್ತಾರೆ. ಆ ಮೂರನೆಯವರಲ್ಲಿ ಒಂದು ಮಾತು ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಕೇಳಿದ್ದನ್ನು ಮುಚ್ಚಿಡಬಾರದು. 'ನಿಮ್ಮ ವಿಷಯ ಅಣ್ಣನವರ ಹತ್ತಿರ ಕೇಳಿದೆ, ಒಳ್ಳೆಯ ಮಾತನ್ನೇ ಹೇಳಿದರು' ಎಂದು ನೀವೇ ತಿಳಿಸಿದರೆ ಅದು ಪರಿಚಯದ ಒಂದು ಭಾಗವಾಗುತ್ತದೆ. ಅದೇ ವಿಷಯ ಸುತ್ತಿ ಬಳಸಿ ಅವರ ಕಿವಿಗೆ ಬಿದ್ದರೆ ವಿಚಾರಣೆಯಾಗುತ್ತದೆ. ಯಾವ ಊರು, ಯಾವ ಮನೆ, ತಾಯಿಯ ಕಡೆಯವರು ಎಲ್ಲಿಯವರು ಎಂದು ಒಂದರ ಹಿಂದೆ ಒಂದು ಕೇಳುವ ನಮ್ಮವರ ಅಭ್ಯಾಸವನ್ನು ಮಾತ್ರ ಇಲ್ಲಿ ಬಿಡುವುದು ಒಳಿತು. ಆ ಪ್ರಶ್ನೆಗಳು ಕೊನೆಗೆ ಬಂದು ನಿಲ್ಲುವುದು ಜಾತಿಯಲ್ಲಿ ಎಂಬುದು ಕೇಳುವವರಿಗೂ ಗೊತ್ತು, ಉತ್ತರ ಕೊಡುವವರಿಗೂ ಗೊತ್ತು.

ಮನೆಯ ವಿಳಾಸವನ್ನು ಈ ಹಂತದಲ್ಲಿ ಕೊಡಬೇಕಾಗಿಲ್ಲ. ಈ ಊರಿನಲ್ಲಿ ನಿಲ್ದಾಣದ ಹೆಸರು ಹೇಳಿದರೆ ಸಾಕಾಗುತ್ತದೆ. 'ಮುಲುಂಡ್ ಈಸ್ಟ್' ಎಂದರೆ ಯಾರೂ ಮುಂದಕ್ಕೆ ಕೇಳುವುದಿಲ್ಲ, ಕೇಳಿದರೆ ಏಕೆ ಕೇಳುತ್ತಿದ್ದಾರೆ ಎಂದು ನೀವು ಯೋಚಿಸಬೇಕು. ಕಟ್ಟಡದ ಹೆಸರು, ವಿಂಗ್, ಖೋಲಿ ಸಂಖ್ಯೆ, ಕಚೇರಿಯ ಗುರುತಿನ ಚೀಟಿಯ ಫೋಟೊ ಇವು ಯಾವುವೂ ಮೊದಲ ಭೇಟಿಗೆ ಬೇಕಾಗುವುದಿಲ್ಲ. ಕರೆದೊಯ್ಯಲು ಮನೆಯ ಬಾಗಿಲಿಗೇ ಕಾರು ತರುತ್ತೇನೆ ಎಂದು ಅವರು ಎಷ್ಟೇ ವಿಶ್ವಾಸದಿಂದ ಹೇಳಿದರೂ ನಯವಾಗಿ ಬೇಡವೆಂದು, ನಿಮ್ಮ ದಾರಿಯಲ್ಲಿ ನೀವು ಹೋಗಿ, ನಿಮ್ಮ ದಾರಿಯಲ್ಲಿ ನೀವು ಮರಳುವುದು ಲೇಸು.

ಹಣದ ಮಾತು ಭೇಟಿಗೆ ಮುಂಚೆಯೇ ಬಂದರೆ ಅಲ್ಲಿಗೆ ನಿಲ್ಲಿಸಬೇಕು. ಟಿಕೆಟ್ ಮಾಡಿಸುವುದಕ್ಕೆ ಸ್ವಲ್ಪ ಕಡಿಮೆ ಬಿದ್ದಿದೆ, ನಿಮಗೆಂದು ಕಳಿಸಿದ ಉಡುಗೊರೆ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಿದೆ, ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದೇವೆ ಎಂಬ ಕತೆಗಳು ಹಳೆಯವು. ಆದರೂ ಜನ ಈಗಲೂ ಕೊಡುತ್ತಾರೆ. ಕೊಟ್ಟುಬಿಟ್ಟಿದ್ದರೆ ನಾಚಿಕೆಯಿಂದ ದಿನ ಕಳೆಯದೆ ತಕ್ಷಣ 1930ಕ್ಕೆ ಕರೆ ಮಾಡಬೇಕು. ಆನ್‌ಲೈನ್ ಹಣಕಾಸು ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ ಅದು; ದೂರು ಬೇಗ ದಾಖಲಾದಷ್ಟೂ ಹಣ ಮುಂದಿನ ಖಾತೆಗೆ ದಾಟುವ ಮುನ್ನ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಚರ್ಚೆಯೇ ಇಲ್ಲ. ಮನೆಯ ಹಿರಿಯರೊಬ್ಬರು ಜೊತೆಗೆ ಹೋಗಬೇಕು. ಪಕ್ಕದ ಮೇಜಿನಲ್ಲಿ ಕೂತು ಚಾ ಕುಡಿಯುತ್ತಿದ್ದರೂ ಸರಿ, ಹೋಗಿರಬೇಕು.

ಮಾಟುಂಗ ಎಂದರೆ ಯಾವ ಮಾಟುಂಗ

ಕನ್ನಡಿಗರಿಬ್ಬರು ಮುಂಬಯಿಯಲ್ಲಿ ಭೇಟಿಯಾಗುವುದೆಂದರೆ ಬಾಯಿಗೆ ಮೊದಲು ಬರುವ ಹೆಸರು ಮಾಟುಂಗ. ಆಯ್ಕೆ ಒಳ್ಳೆಯದೇ, ಹಗಲೆಲ್ಲ ಜನ ಓಡಾಡುವ ಜಾಗ, ಹೆಂಗಸರು ಒಬ್ಬರೇ ಕೂತರೂ ಯಾರೂ ತಿರುಗಿ ನೋಡದ ಹೋಟೆಲುಗಳು, ನಡೆಯಲು ನೆರಳಿರುವ ರಸ್ತೆಗಳು ಎಲ್ಲ ಇವೆ. ಆದರೆ 'ಮಾಟುಂಗ ಸ್ಟೇಷನ್‌ನಲ್ಲಿ ಸಿಗೋಣ' ಎಂದಷ್ಟೇ ಬರೆದರೆ ಒಬ್ಬರು ಒಂದು ಕಡೆ, ಇನ್ನೊಬ್ಬರು ಇನ್ನೊಂದು ಕಡೆ ನಿಲ್ಲುವುದು ಖಂಡಿತ. ಮಾಟುಂಗ ಇರುವುದು ಮಧ್ಯ ರೈಲ್ವೆಯಲ್ಲಿ, ಮಾಟುಂಗ ರೋಡ್ ಪಶ್ಚಿಮ ರೈಲ್ವೆಯಲ್ಲಿ, ಕಿಂಗ್ಸ್ ಸರ್ಕಲ್ ಹಾರ್ಬರ್ ಮಾರ್ಗದಲ್ಲಿ. ಮೊದಲ ಎರಡು ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ನಿಲ್ಲುವುದು ಎಲ್ಲ ನಿಲ್ದಾಣಗಳಲ್ಲೂ ನಿಲ್ಲುವ ಸ್ಲೋ ಗಾಡಿಗಳು ಮಾತ್ರ; ಡೊಂಬಿವಲಿಯಿಂದ ಫಾಸ್ಟ್ ಹಿಡಿದವರು ಕುರ್ಲಾದಲ್ಲೋ ದಾದರ್‌ನಲ್ಲೋ ಇಳಿದು ಸ್ಲೋ ಹತ್ತಬೇಕು. ಕಿಂಗ್ಸ್ ಸರ್ಕಲ್‌ನಲ್ಲಿ ನಿಲ್ಲುವುದು ಅಂಧೇರಿ, ಗೋರೆಗಾಂವ್ ಕಡೆಯ ಹಾರ್ಬರ್ ಗಾಡಿಗಳು, ಪನ್ವೇಲ್‌ನ ಹೆಚ್ಚಿನವು ಅಲ್ಲ; ಆದ್ದರಿಂದ ವಾಶಿಯಿಂದ ಬರುವವರು ಹೆಚ್ಚಾಗಿ ವಡಾಲದಲ್ಲಿ ಗಾಡಿ ಬದಲಿಸಬೇಕಾಗುತ್ತದೆ. ಊರಿಗೆ ಹೊಸಬರಿಗೆ ಇದನ್ನೆಲ್ಲ ಮೊದಲೇ ಬರೆದು ತಿಳಿಸುವುದು ಇಲ್ಲಿ ಇದ್ದವರ ಕೆಲಸ.

ಸಭಾಂಗಣಗಳ ವಿಷಯದಲ್ಲಿಯೂ ಇದೇ ಗೊಂದಲವಿದೆ. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಶನ್ ಇರುವುದು ಮಾಟುಂಗ ಪೂರ್ವದ ಭಾವು ದಾಜಿ ರಸ್ತೆಯಲ್ಲಿ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸಭಾಗೃಹ ಇರುವುದು ಹಳಿಯ ಆಚೆ, ಪಶ್ಚಿಮದಲ್ಲಿ, ಮಾಟುಂಗ ರೋಡ್ ನಿಲ್ದಾಣದ ಕಡೆಗೆ. ಮೊದಲ ಭೇಟಿಗೆ ಇವೆರಡರಲ್ಲಿ ಒಂದು ಕಡೆ ನಡೆಯುವ ನಾಟಕವನ್ನೋ ಪುಸ್ತಕ ಬಿಡುಗಡೆಯನ್ನೋ ಆರಿಸಿಕೊಳ್ಳುವುದು ನಾನು ತಿಳಿದ ಉಪಾಯಗಳಲ್ಲೆಲ್ಲ ಉತ್ತಮವಾದದ್ದು. ಸುತ್ತ ನಮ್ಮ ಭಾಷೆಯ ಜನರಿರುತ್ತಾರೆ; ಕಾರ್ಯಕ್ರಮ ನಡೆಯುವಾಗ ಮಾತನಾಡಲೇಬೇಕೆಂಬ ಒತ್ತಾಯವಿರುವುದಿಲ್ಲ; ಮುಗಿದ ಮೇಲೆ ಮಾತಿಗೆ ವಿಷಯ ತಾನಾಗಿಯೇ ಇರುತ್ತದೆ; ಹೊರಡುವ ಹೊತ್ತೂ ಮೊದಲೇ ಗೊತ್ತಿರುತ್ತದೆ. ಒಂದೇ ತೊಂದರೆಯೆಂದರೆ ಪರಿಚಯದವರು ಯಾರಾದರೂ ಎದುರಾಗಿ, 'ಇವರು ಯಾರು?' ಎಂದು ಕೇಳುತ್ತಾರೆ. ಅದಕ್ಕೊಂದು ಉತ್ತರವನ್ನು ಇಬ್ಬರೂ ಕೂಡಿ ಮೊದಲೇ ಇಟ್ಟುಕೊಂಡಿರಬೇಕು. 'ಸ್ನೇಹಿತರು, ಓದುವ ಬಳಗದವರು' ಎಂಬ ಉತ್ತರ ಸತ್ಯವೂ ಹೌದು, ಸಾಕಾಗುವಷ್ಟೂ ಹೌದು.

ಹೋಟೆಲಿನಲ್ಲಿ ಕೂರುವುದಾದರೆ ಹೊತ್ತು ನೋಡಿ ಹೋಗಬೇಕು. ಭಾನುವಾರ ಬೆಳಿಗ್ಗೆ ಕಿಂಗ್ಸ್ ಸರ್ಕಲ್‌ನ ಹೆಸರಾಂತ ಹೋಟೆಲುಗಳ ಮುಂದೆ ಹೆಸರು ಬರೆಸಿ ನಿಲ್ಲುವ ಜನರ ಸಾಲೇ ಇರುತ್ತದೆ. ಒಳಗೆ ಕೂತ ಮೇಲೂ ಮೇಜಿನ ಇನ್ನೊಂದು ತುದಿಯಲ್ಲಿ ಬೇರೆಯವರು ಬಂದು ಕೂರುತ್ತಾರೆ, ಲೋಟದ ಕಾಫಿ ಆರುವ ಮುಂಚೆ ಬಿಲ್ಲು ಮೇಜಿಗೆ ಬರುತ್ತದೆ, ಬಾಗಿಲಲ್ಲಿ ನಿಂತವರ ಕಣ್ಣು ನಿಮ್ಮ ತಟ್ಟೆಯ ಮೇಲಿರುತ್ತದೆ. ಅದರಲ್ಲಿ ಯಾರ ತಪ್ಪೂ ಇಲ್ಲ. ಅಲ್ಲಿನ ದೋಸೆಯ ರುಚಿಗೆ ಸಲ್ಲುವ ಗದ್ದಲ ಅದು. ಆದರೆ ವರ್ಷದಿಂದ ಕೂಡಿಟ್ಟ ಮಾತನ್ನು ಅಲ್ಲಿ ಬಿಚ್ಚುವುದು ಆಗದ ಕೆಲಸ. ಹಾಗೆಯೇ ಮಾಟುಂಗ ನಿಲ್ದಾಣದ ಪಕ್ಕದಲ್ಲಿ 1942ರಿಂದ ನಡೆದುಬಂದಿರುವ ರಾಮ ನಾಯಕರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್‌ಗೆ ಊಟಕ್ಕೆ ಹೋಗುವುದಾದರೆ, ಊಟವನ್ನು ಊಟವಾಗಿಯೇ ಮುಗಿಸಿ ಮಾತಿಗೆ ಬೇರೆ ಜಾಗ ಹುಡುಕಬೇಕು. ವಾರದ ದಿನ ಮಧ್ಯಾಹ್ನ ಮೂರೂವರೆಯಿಂದ ಐದರವರೆಗೆ ಈ ಕಡೆಯ ಹೋಟೆಲುಗಳು ಸ್ವಲ್ಪ ಉಸಿರಾಡುತ್ತವೆ. ಮೊದಲ ಭೇಟಿಗೆ ಆ ಹೊತ್ತೇ ಸರಿ. ಅಲ್ಲಿಂದ ಫೈವ್ ಗಾರ್ಡನ್ಸ್ ಕಡೆಗೆ ನಡೆದುಹೋದರೆ ಕೂರಲು ಬೆಂಚುಗಳೂ ಇವೆ, ಆಡುವ ಮಕ್ಕಳೂ ಇರುತ್ತಾರೆ.

ಇಬ್ಬರಲ್ಲಿ ಒಬ್ಬರು ಪಶ್ಚಿಮ ಮಾರ್ಗದವರು, ಇನ್ನೊಬ್ಬರು ಮಧ್ಯ ಮಾರ್ಗದವರಾದರೆ ಸಹಜವಾಗಿಯೇ ದಾದರ್ ನೆನಪಾಗುತ್ತದೆ. ಎರಡೂ ಮಾರ್ಗಗಳು ಕೂಡುವ ಜಾಗವಾದ್ದರಿಂದ ಗಾಡಿ ಇಳಿಯಲು ದಾದರ್ ಸರಿ, ಒಬ್ಬರಿಗಾಗಿ ಒಬ್ಬರು ಕಾಯಲು ಸರಿಯಲ್ಲ. ಸೇತುವೆಯ ಮೇಲೆ ಸಿಗೋಣ ಎಂದರೆ ಅಲ್ಲಿ ಸೇತುವೆಗಳೇ ಹಲವು. ಪ್ಲಾಟ್‌ಫಾರಂ ಸಂಖ್ಯೆ ಹೇಳೋಣವೆಂದರೆ 2023ರ ಡಿಸೆಂಬರಿನಲ್ಲಿ ಮಧ್ಯ ರೈಲ್ವೆಯ ಪ್ಲಾಟ್‌ಫಾರಂಗಳನ್ನು 8ರಿಂದ 14 ಎಂದು ಹೊಸದಾಗಿ ಎಣಿಸಿದ್ದಾರೆ. ಹಳಬರು ಇನ್ನೂ ಹಳೆಯ ಸಂಖ್ಯೆಯನ್ನೇ ಹೇಳಿ ಹೊಸಬರನ್ನು ಪಶ್ಚಿಮ ರೈಲ್ವೆಯ ಕಡೆಗೆ ಕಳಿಸಿಬಿಡುತ್ತಾರೆ. ಅಲ್ಲದೆ ಪ್ಲಾಟ್‌ಫಾರಂನಲ್ಲಿ ಕಾಯುವವರ ಬಳಿ ಪ್ರಯಾಣದ ಟಿಕೆಟ್ ಅಥವಾ ಪ್ಲಾಟ್‌ಫಾರಂ ಟಿಕೆಟ್ ಇರಬೇಕೆಂಬುದು ಅನೇಕರಿಗೆ ನೆನಪಿರುವುದಿಲ್ಲ. ಗೆಳೆಯರ ದಾರಿ ನೋಡುತ್ತ ನಿಂತಾಗ ಟಿಸಿಗೆ ದಂಡ ಕಟ್ಟುವುದು ಒಳ್ಳೆಯ ಆರಂಭವಲ್ಲ. ಆದ್ದರಿಂದ ನಿಲ್ದಾಣದ ಹೊರಗೆ, ಹೆಸರಿರುವ ಒಂದು ಅಂಗಡಿಯ ಅಥವಾ ಹೋಟೆಲಿನ ಬಾಗಿಲಲ್ಲಿ ಸೇರುವುದೆಂದು ಗೊತ್ತುಮಾಡಿ, ಪೂರ್ವವೋ ಪಶ್ಚಿಮವೋ ಎಂಬುದನ್ನು ತಪ್ಪದೆ ಬರೆಯಬೇಕು. ಚರ್ಚ್‌ಗೇಟ್, ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್) ಇವೆರಡರಲ್ಲಿ ಮಾತ್ರ ಹಿಂದಿನಿಂದ ಬಂದ 'ಇಂಡಿಕೇಟರ್ ಕೆಳಗೆ', ಅಂದರೆ ಗಾಡಿಗಳ ಹೊತ್ತು ತೋರಿಸುವ ಫಲಕದ ಕೆಳಗೆ, ಎಂಬ ಗುರುತು ಈಗಲೂ ನಡೆಯುತ್ತದೆ.

ಚರ್ಚ್‌ಗೇಟ್‌ವರೆಗೆ ಹೋಗಲು ಇಬ್ಬರಿಗೂ ಆಗುವುದಾದರೆ ಕಾಲಾ ಘೋಡಾದ ಜಹಾಂಗೀರ್ ಆರ್ಟ್ ಗ್ಯಾಲರಿಯನ್ನು ನಾನು ಶಿಫಾರಸು ಮಾಡುತ್ತೇನೆ. 1952ರಿಂದ ಇರುವ ಈ ಗ್ಯಾಲರಿಗೆ ಪ್ರವೇಶ ಶುಲ್ಕವಿಲ್ಲ, ಕಾವಲುಗಾರರಿದ್ದಾರೆ, ಜನ ಬಂದುಹೋಗುತ್ತಿರುತ್ತಾರೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಚಿತ್ರ ನೋಡುವವರು ಅಕ್ಕಪಕ್ಕ ನಿಲ್ಲುತ್ತಾರೆ, ಎದುರುಬದುರು ಕೂರುವುದಿಲ್ಲ. ಕಣ್ಣಿಗೆ ಕಣ್ಣು ಕೊಟ್ಟು ಮಾತನಾಡುವ ಮುಜುಗರ ಮೊದಲ ಕಾಲು ಗಂಟೆಯಲ್ಲಿ ಹೀಗೆ ಕಳೆದುಹೋಗುತ್ತದೆ, ಚಿತ್ರ ಅರ್ಥವಾಗದಿದ್ದರೆ ಅದೂ ಒಂದು ಮಾತಿನ ವಿಷಯವೇ.

ದಿನ, ಹೊತ್ತು, ಮಳೆ

ರಜೆಯೆಂದು ಎಲ್ಲರೂ ಭಾನುವಾರವನ್ನೇ ಆರಿಸುತ್ತಾರೆ, ಭಾನುವಾರ ಮೆಗಾ ಬ್ಲಾಕ್ ಇರುತ್ತದೆ ಎಂಬುದನ್ನು ಮರೆಯುತ್ತಾರೆ. ಹಳಿ ದುರಸ್ತಿಗೆಂದು ಮಧ್ಯ ಮತ್ತು ಹಾರ್ಬರ್ ಮಾರ್ಗಗಳಲ್ಲಿ ಹೆಚ್ಚಾಗಿ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಆರಂಭವಾಗಿ ಸಂಜೆ ನಾಲ್ಕರ ಆಸುಪಾಸಿನವರೆಗೆ ನಡೆಯುವ ಈ ಬ್ಲಾಕಿನಲ್ಲಿ ಸ್ಲೋ ಗಾಡಿಗಳು ಫಾಸ್ಟ್ ಹಳಿಯ ಮೇಲೆ ಓಡುತ್ತವೆ, ಆಗ ಕೆಲವು ಸಣ್ಣ ನಿಲ್ದಾಣಗಳಲ್ಲಿ ನಿಲ್ಲುವುದೇ ಇಲ್ಲ. ಮಾಟುಂಗ ಮತ್ತು ಮುಲುಂಡ್ ನಡುವಿನ ಬ್ಲಾಕ್ ಪದೇ ಪದೇ ಬರುವಂಥದ್ದು; ನಿಮ್ಮ ಗೆಳೆಯರು ಕಾಂಜೂರ್‌ಮಾರ್ಗ್‌ನಲ್ಲಿ ನಿಂತು ಗಾಡಿಗಳು ಹಾದುಹೋಗುವುದನ್ನು ನೋಡುತ್ತಿರುವಾಗ ನೀವು ಇತ್ತ ಅವರು ಬರುವ ಮನಸ್ಸು ಬದಲಿಸಿದರೆಂದು ಭಾವಿಸಿ ಬೇಸರಪಟ್ಟುಕೊಂಡಿರುತ್ತೀರಿ. ಪ್ರಕಟಣೆ ಒಂದೆರಡು ದಿನ ಮೊದಲೇ ಪತ್ರಿಕೆಗಳಲ್ಲಿ ಬರುತ್ತದೆ, ಲೋಕಲ್ ಗಾಡಿಗಳ ವೇಳೆ ತಿಳಿಸುವ ಎಂ-ಇಂಡಿಕೇಟರ್ ಆ್ಯಪ್‌ನಲ್ಲಿಯೂ ಸಿಗುತ್ತದೆ. ಸಾಧ್ಯವಾದರೆ ಶನಿವಾರ ಮಧ್ಯಾಹ್ನವೇ ಮೇಲು.

ಸಂಜೆ ಆರರಿಂದ ಎಂಟೂವರೆಯವರೆಗೆ ಉತ್ತರದ ಕಡೆಗೆ ಹೋಗುವ ಗಾಡಿಗಳಿಗೆ ಬೆಂಗಳೂರಿನಿಂದಲೋ ಧಾರವಾಡದಿಂದಲೋ ಬಂದ ಅತಿಥಿಯನ್ನು ಹತ್ತಿಸಬಾರದು. ಅದರಲ್ಲೂ ಬೊರಿವಲಿಗೆ ಹೋಗುವವರನ್ನು ಬೊರಿವಲಿ ದಾಟಿ ಮುಂದೆ ಹೋಗುವ ವಿರಾರ್ ಫಾಸ್ಟ್‌ಗೆ ಹತ್ತಿಸುವುದು ಗೆಳೆತನವನ್ನು ಅಳೆಯುವ ವಿಧಾನವಲ್ಲ. ಆ ಗಾಡಿಯಲ್ಲಿ ಇಳಿಯುವುದೇ ಒಂದು ವಿದ್ಯೆ. ಐದು ಗಂಟೆಗೆ ಎದ್ದರೆ ಎಲ್ಲರೂ ಕೈಕಾಲು ನೆಟ್ಟಗಿಟ್ಟುಕೊಂಡು ಮನೆ ಸೇರುತ್ತಾರೆ. ರಿಕ್ಷಾ ಸಿಗುತ್ತದೆ ಎಂಬ ಧೈರ್ಯವೂ ಬೇಡ. ಸಯನ್ ಮತ್ತು ಬಾಂದ್ರಾದಿಂದ ದಕ್ಷಿಣಕ್ಕೆ ರಿಕ್ಷಾಗಳಿಗೆ ಪ್ರವೇಶವಿಲ್ಲ, ಮಾಟುಂಗ, ದಾದರ್, ಫೋರ್ಟ್‌ಗಳಲ್ಲಿ ಟ್ಯಾಕ್ಸಿ ಅಥವಾ ಬೆಸ್ಟ್ ಬಸ್ಸೇ ಗತಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇನ್ನೊಂದು ಲೆಕ್ಕ ಸೇರಿಕೊಳ್ಳುತ್ತದೆ. ಜೋರು ಮಳೆಯೂ ಸಮುದ್ರದ ಭರತಿಯೂ ಒಂದೇ ಹೊತ್ತಿಗೆ ಬಿದ್ದರೆ ಚರಂಡಿಯ ನೀರು ಕಡಲಿಗೆ ಇಳಿಯುವುದಿಲ್ಲ. ದಾದರ್‌ನ ಹಿಂದ್‌ಮಾತಾ, ಕಿಂಗ್ಸ್ ಸರ್ಕಲ್‌ನ ಗಾಂಧಿ ಮಾರ್ಕೆಟ್, ಸಯನ್–ಕುರ್ಲಾ ನಡುವಿನ ಹಳಿಗಳು ನೀರು ನಿಲ್ಲುವುದಕ್ಕೆ ಹೆಸರಾದ ಜಾಗಗಳು. ಮಳೆಗಾಲದಲ್ಲಿ ಭೇಟಿ ಇಟ್ಟುಕೊಂಡರೆ ಬೆಳಿಗ್ಗೆ ಭರತಿಯ ಹೊತ್ತು ನೋಡಿಕೊಂಡು, 'ಹನ್ನೊಂದರೊಳಗೆ ಮಳೆ ಬಿಡದಿದ್ದರೆ ಇವತ್ತು ಬೇಡ' ಎಂದು ಇಬ್ಬರೂ ಮೊದಲೇ ಒಪ್ಪಿಕೊಂಡಿರಬೇಕು. ಹಾಗೆ ಒಪ್ಪಿಕೊಂಡಿದ್ದರೆ ಬರಲಿಲ್ಲವೆಂಬ ದೂರು ಹುಟ್ಟುವುದಿಲ್ಲ.

ಪರವೂರಿನಿಂದ ಬರುವವರನ್ನು ಎದುರುಗೊಳ್ಳುವವರಿಗೆ ಒಂದು ಮಾತು. ಮಂಗಳೂರಿನಿಂದ ಬರುವ ಮತ್ಸ್ಯಗಂಧ ನಿಲ್ಲುವುದು ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ. ಜನ ಅದನ್ನು ಕುರ್ಲಾ ಟರ್ಮಿನಸ್ ಎಂದು ಕರೆದರೂ ಕುರ್ಲಾ ಲೋಕಲ್ ನಿಲ್ದಾಣ ಬೇರೆ, ಹಾರ್ಬರ್ ಮಾರ್ಗದ ತಿಲಕ್ ನಗರವೂ ಹತ್ತಿರದಲ್ಲೇ ಇದೆ. ರಾತ್ರಿಯಿಡೀ ಪ್ರಯಾಣ ಮಾಡಿ ಬಂದವರನ್ನು ಇಳಿದ ಕೂಡಲೇ ಭೇಟಿಯಾಗಬಾರದು. ಅವರು ಉಳಿಯುವ ಜಾಗಕ್ಕೆ ಹೋಗಿ, ಮುಖ ತೊಳೆದು, ಒಂದು ನಿದ್ದೆ ಮಾಡಿ ಬರಲಿ. ಉಳಿಯುವ ಜಾಗವೂ ಮೊದಲ ಸಲ ನಿಮ್ಮ ಮನೆಯಾಗದಿರುವುದು ಇಬ್ಬರಿಗೂ ಕ್ಷೇಮ. ಅತಿಥಿಸತ್ಕಾರದಲ್ಲಿ ಕೊರತೆಯಾಯಿತೆಂದು ಹಿರಿಯರು ಗೊಣಗಬಹುದು, ಗೊಣಗಲಿ.

ಮನೆಯವರಿಗೆ ತಿಳಿಸುವುದು

ಎಲ್ಲಿಗೆ ಹೋಗುತ್ತಿದ್ದೀರೆಂದು ಒಬ್ಬರಿಗಾದರೂ ಗೊತ್ತಿರಬೇಕು. ತಾಯಿಗೋ ಅಕ್ಕನಿಗೋ ಹೇಳಲು ಮುಜುಗರವಾದರೆ ಸಹೋದ್ಯೋಗಿಗೆ ಹೇಳಿ. ಬಾಯಿಮಾತಿನಲ್ಲಿ ಹೇಳಿ ಹೊರಡುವುದಕ್ಕಿಂತ ಒಂದು ಸಂದೇಶ ಬರೆದಿಡುವುದು ವಾಸಿ: 'ಶನಿವಾರ ಮೂರೂವರೆಗೆ ಕಿಂಗ್ಸ್ ಸರ್ಕಲ್, ಇಂಥ ಹೋಟೆಲು. ಭೇಟಿಯಾಗುವವರ ಹೆಸರು, ನಂಬರು, ಫೋಟೊ ಕೆಳಗಿದೆ. ಐದಕ್ಕೆ ಹೊರಡುತ್ತೇನೆ. ಐದೂಕಾಲಿಗೆ ನನ್ನ ಫೋನು ಬರದಿದ್ದರೆ ನೀನೇ ಮಾಡು, ಎತ್ತದಿದ್ದರೆ ಮತ್ತೆ ಮಾಡು.' ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ ಹದಿನೈದು ನಿಮಿಷ, ಒಂದು ಗಂಟೆ, ಎಂಟು ಗಂಟೆ ಎಂಬ ಮೂರು ಅವಧಿಗಳಿಗೆ ಹಂಚಬಹುದು. ಒಂದು ಗಂಟೆಯದು ಭೇಟಿಯ ನಡುವೆಯೇ ಮುಗಿದುಹೋಗುವುದರಿಂದ ಎಂಟು ಗಂಟೆಯದನ್ನು ಹಂಚಿ, ಮನೆ ಸೇರಿದ ಮೇಲೆ ನೀವೇ ನಿಲ್ಲಿಸುವುದು ಸರಿ. ಐದೂಕಾಲಿಗೆ ಬರುವ ಆ ಫೋನು ಇನ್ನೊಂದು ಕೆಲಸಕ್ಕೂ ಬರುತ್ತದೆ. ಮಾತು ಸಾಕೆನಿಸಿದ್ದರೆ ಅದನ್ನೇ ನೆಪ ಮಾಡಿ ಏಳಬಹುದು, ಚೆನ್ನಾಗಿ ನಡೆಯುತ್ತಿದ್ದರೆ 'ಇನ್ನರ್ಧ ಗಂಟೆ' ಎಂದು ಹೇಳಿ ಇಡಬಹುದು.

ಸೇರುವ ಜಾಗವನ್ನು ಕೊನೆಯ ಗಳಿಗೆಯಲ್ಲಿ ಅವರು ಬದಲಿಸಿದರೆ, ಅದರಲ್ಲೂ ತಮಗೆ ಗೊತ್ತಿರುವ ಒಂದು ಬಾರಿಗೋ ಲೌಂಜಿಗೋ ಬನ್ನಿ ಎಂದು ಒತ್ತಾಯಿಸಿದರೆ ಒಪ್ಪಬಾರದು. ಹೀಗೆ ಕರೆದೊಯ್ದು, ಬೆಲೆ ನೋಡಲು ಬಿಡದೆ ದುಬಾರಿ ಪಾನೀಯ ತರಿಸಿ, ಸಾವಿರಾರು ರೂಪಾಯಿಯ ಬಿಲ್ಲು ಮುಂದಿಟ್ಟು, ಕರೆತಂದವರು ಹೇಗೋ ಜಾರಿಕೊಳ್ಳುವ ವಂಚನೆಗಳು ಮುಂಬಯಿಯಲ್ಲಿ ನಡೆದು ಪೊಲೀಸ್ ದೂರಿನವರೆಗೆ ಹೋಗಿವೆ. ಹಣ ಕಟ್ಟದೆ ಬಿಡುವುದಿಲ್ಲವೆಂದು ಬಾಗಿಲು ಅಡ್ಡಗಟ್ಟಿದರೆ ಅಲ್ಲಿಂದಲೇ 112ಕ್ಕೆ ಕರೆ ಮಾಡಬೇಕು. ರೈಲಿನಲ್ಲೋ ನಿಲ್ದಾಣದಲ್ಲೋ ಯಾರಾದರೂ ಹಿಂಬಾಲಿಸಿದರೆ 139 ರೈಲ್ವೆಯ ಸಹಾಯವಾಣಿ.

ಎದುರಾದ ಮೇಲೆ

ಮೊದಲ ಹತ್ತು ನಿಮಿಷ ಯಾರಿಗೂ ಸಲೀಸಲ್ಲ. ಬರವಣಿಗೆಯಲ್ಲಿ ಸಂದೇಶಕ್ಕೆ ಉತ್ತರ ಕೊಡುವ ಮುನ್ನ ಯೋಚಿಸಲು ಹೊತ್ತಿರುತ್ತದೆ, ಬರೆದದ್ದನ್ನು ಅಳಿಸಬಹುದು, ನಗೆಯ ಚಿಹ್ನೆ ಹಾಕಿ ತೇಲಿಸಬಹುದು. ಎದುರಿಗೆ ಕೂತಾಗ ಈ ಯಾವ ಸೌಕರ್ಯವೂ ಇರುವುದಿಲ್ಲ. ಗುಂಪಿನಲ್ಲಿ ಪುಟಗಟ್ಟಲೆ ಬರೆಯುವವರು ಎದುರಿಗೆ ಬಂದಾಗ ಮೆನು ಓದುತ್ತ ಕೂರುವುದನ್ನೂ, ಬರವಣಿಗೆಯಲ್ಲಿ ಒಂದು ಸಾಲಿನವರು ಬಾಯಿ ತೆರೆದರೆ ನಿಲ್ಲಿಸದಿರುವುದನ್ನೂ ನೋಡಿದ್ದೇನೆ. ಇದರಿಂದ ಯಾರೂ ಮೋಸ ಮಾಡಿದಂತಾಗುವುದಿಲ್ಲ. ಮೌನ ಬಂದರೆ ಬರಲಿ, ಅದನ್ನು ತುಂಬಲೇಬೇಕೆಂದು ಏನಾದರೂ ಆಡುವುದರಿಂದಲೇ ಮಾತು ಕೆಡುವುದು.

ಫೋಟೊದಲ್ಲಿ ತೆಳ್ಳಗಿದ್ದಿರಿ, ಇಷ್ಟು ಎತ್ತರವೆಂದು ಅಂದುಕೊಂಡಿರಲಿಲ್ಲ, ವಯಸ್ಸು ಗೊತ್ತೇ ಆಗುವುದಿಲ್ಲ ಎಂಬಂಥ ಮಾತುಗಳನ್ನು ಮೆಚ್ಚುಗೆಯೆಂದು ತಿಳಿದು ಆಡುವವರಿದ್ದಾರೆ, ಅವು ಬೇಡ. ರಾತ್ರಿ ಒಂದು ಗಂಟೆಗೆ ಅವರು ಬರೆದುಕೊಂಡ ಮನೆಯ ಕಷ್ಟವನ್ನು ಹಗಲು ನಾಲ್ಕಕ್ಕೆ ಜನರ ನಡುವೆ ನೀವಾಗಿ ತೆಗೆಯುವುದೂ ಬೇಡ. ಅವರೇ ಎತ್ತಿದರೆ ಕೇಳಬೇಕು. ಗುಂಪಿನಲ್ಲಿ ಸಲಿಗೆಯಿಂದ ಏಕವಚನದಲ್ಲಿ ಮಾತನಾಡುತ್ತಿದ್ದವರು ಕೂಡ ಎದುರಿಗೆ ಬಂದಾಗ, ವಿಶೇಷವಾಗಿ ವಯಸ್ಸಿನಲ್ಲಿ ಅಂತರವಿದ್ದಾಗ, ಬಹುವಚನದಿಂದ ಆರಂಭಿಸಿ ಅವರ ಮಾತಿನ ಧಾಟಿಯನ್ನು ನೋಡಿಕೊಂಡು ಮುಂದುವರಿದರೆ ಯಾರಿಗೂ ಇರಿಸುಮುರಿಸಾಗುವುದಿಲ್ಲ. ಮಂಗಳೂರಿನ ಕಡೆಯವರು 'ಎಂಥ ಮಾರಾಯ್ರೆ' ಎಂದು ಶುರುಮಾಡಿದರೆಂದರೆ ಅರ್ಧ ದಾರಿ ಸವೆದಂತೆಯೇ.

ಫೋಟೊ ತೆಗೆಯುವ ಮುನ್ನ ಕೇಳಬೇಕು, ಹಾಕುವ ಮುನ್ನ ಇನ್ನೊಮ್ಮೆ ಕೇಳಬೇಕು. ಇವೆರಡು ಬೇರೆ ಬೇರೆ ಅನುಮತಿಗಳು. ಗುಂಪಿನಲ್ಲಿ ಇನ್ನೂ ಇನ್ನೂರು ಜನರಿದ್ದಾರೆ, ಅವರಲ್ಲಿ ಕೆಲವರಿಗೆ ತಾವು ಭೇಟಿಯಾದದ್ದು ತಿಳಿಯಬಾರದೆಂದು ನಿಮ್ಮ ಸ್ನೇಹಿತರಿಗೆ ಇರಬಹುದು, ಕಾರಣ ಕೇಳುವ ಹಕ್ಕು ನಿಮಗಿಲ್ಲ. ಹಾಕುವುದೇ ಆದರೆ ಇಬ್ಬರೂ ಆ ಜಾಗದಿಂದ ಹೊರಟ ಮೇಲೆ ಹಾಕಿ.

ಬಿಲ್ಲಿನ ವಿಷಯದಲ್ಲಿ ನಮ್ಮವರದು ಒಂದು ದೊಡ್ಡ ನಾಟಕ. ನಾನು ಕೊಡುತ್ತೇನೆ, ಇಲ್ಲ ನಾನೇ ಎಂದು ಇಬ್ಬರೂ ಕೈ ಚಾಚಿ, ಮಾಣಿಯ ಮುಂದೆ ಎಳೆದಾಡಿ, ಕೊನೆಗೆ ಕೊಟ್ಟವರಿಗೂ ಕೊಡದವರಿಗೂ ಸಮಾಧಾನವಿಲ್ಲದೆ ಏಳುತ್ತಾರೆ. ಮುಂಬಯಿ, ಪುಣೆಯ ಕಾಲೇಜು ಹುಡುಗರ ಟಿಟಿಎಂಎಂ ಪದ್ಧತಿ, ಅಂದರೆ ನಿನ್ನದು ನೀನು ನನ್ನದು ನಾನು, ಮೊದಲ ಭೇಟಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ಯಾರ ಮೇಲೂ ಋಣ ಉಳಿಯುವುದಿಲ್ಲ, ಎರಡನೆಯ ಭೇಟಿಗೆ ಬರಲೇಬೇಕೆಂಬ ಒತ್ತಡವೂ ಹುಟ್ಟುವುದಿಲ್ಲ. ಹಿರಿಯರಾದವರು ಕೊಟ್ಟೇ ಕೊಡುತ್ತೇನೆಂದರೆ ಒಂದು ಸಲ ಬೇಡವೆಂದು ನೋಡಿ ಬಿಟ್ಟುಬಿಡಬೇಕು. ಉಡುಗೊರೆ ತರುವುದಾದರೆ ಒಂದು ಪುಸ್ತಕ, ಊರಿನಿಂದ ಬಂದ ಹಪ್ಪಳದ ಕಟ್ಟು, ಇಷ್ಟರೊಳಗೆ ಇರಲಿ.

ಮನಸ್ಸಿಗೆ ಏನೋ ಸರಿಯಿಲ್ಲವೆನಿಸಿದರೆ ಕಾರಣ ಹುಡುಕುತ್ತ ಕೂರಬೇಕಾಗಿಲ್ಲ. 'ಮನೆಯಿಂದ ಫೋನು ಬಂತು, ಹೊರಡುತ್ತೇನೆ' ಎಂದರೆ ಸಾಕು, ಈ ಊರಿನಲ್ಲಿ 5.12ರ ಗಾಡಿ ತಪ್ಪುತ್ತದೆ ಎಂಬುದು ಯಾರೂ ಪ್ರಶ್ನಿಸದ ಕಾರಣ. ಜೊತೆಗೇ ನಿಲ್ದಾಣದವರೆಗೆ ಬಂದರೆ, ಇಬ್ಬರಲ್ಲಿ ಒಬ್ಬರು ಹೆಂಗಸಾಗಿದ್ದರೆ, ಲೇಡೀಸ್ ಡಬ್ಬ ನಿಲ್ಲುವ ಜಾಗ ಬೇರೆ, ಜನರಲ್ ಡಬ್ಬ ನಿಲ್ಲುವ ಜಾಗ ಬೇರೆ. ಆದ್ದರಿಂದ ಹೇಳಬೇಕಾದ ಕೊನೆಯ ಮಾತನ್ನು ಗಾಡಿ ಬರುವ ಮುಂಚೆಯೇ ಹೇಳಿ ಮುಗಿಸಬೇಕು. ಗಾಡಿ ನಿಲ್ಲುವ ಆ ಕೆಲವು ಸೆಕೆಂಡುಗಳಲ್ಲಿ ಕೈ ಕುಲುಕುತ್ತ ನಿಂತರೆ ಗಾಡಿ ಹೋಗಿರುತ್ತದೆ.

ಮನೆ ಸೇರಿದ ಮೇಲೆ ಸೇರಿದೆನೆಂದು ಎರಡು ಕಡೆಗೆ ತಿಳಿಸಬೇಕು, ನಿಮಗಾಗಿ ಕಾಯುತ್ತಿದ್ದವರಿಗೂ, ಈಗಷ್ಟೇ ಬೀಳ್ಕೊಟ್ಟವರಿಗೂ. ಮತ್ತೆ ಭೇಟಿಯಾಗುವ ಮನಸ್ಸಿಲ್ಲದಿದ್ದರೆ 'ಮತ್ತೆ ಸಿಗೋಣ' ಎಂದು ಬರೆದು ಆಸೆ ಹುಟ್ಟಿಸುವ ಬದಲು, 'ಭೇಟಿಯಾದದ್ದು ಒಳ್ಳೆಯದಾಯಿತು, ಗುಂಪಿನಲ್ಲಿ ಮಾತನಾಡುತ್ತಿರೋಣ' ಎಂದಷ್ಟೇ ಬರೆದರೆ ತಿಳಿಯುವವರಿಗೆ ತಿಳಿಯುತ್ತದೆ. ತಿಳಿದೂ ಒತ್ತಾಯ ಮಾಡುವವರನ್ನು ಬ್ಲಾಕ್ ಮಾಡುವುದರಲ್ಲಿ ಅಸೌಜನ್ಯವೇನೂ ಇಲ್ಲ. ಎರಡು ಮೂರು ಭೇಟಿಗಳಾಗಿ ಮನೆಗೆ ಕರೆಯುವ ಹಂತ ಬಂದರೆ ವಿಳಾಸದ ಜೊತೆಗೆ ಸೊಸೈಟಿಯ ಗೇಟಿನ ಗುರುತನ್ನೂ ಬರೆದು ಕಳಿಸಿ, ವಾಚ್‌ಮನ್‌ಗೆ ಅವರ ಹೆಸರು ಹೇಳಿಡಿ. ಇಲ್ಲದಿದ್ದರೆ ಅವರು ರಿಜಿಸ್ಟರಿನಲ್ಲಿ ಸಹಿ ಹಾಕಿ, ಇಂಟರ್‌ಕಾಮ್ ಯಾರಾದರೂ ಎತ್ತುವವರೆಗೆ ಬಿಸಿಲಲ್ಲಿ ನಿಂತಿರಬೇಕಾಗುತ್ತದೆ.